ಗೆರೆ ಕಿರಿದಾದರೆ ಅಪಾಯವೂ ಕಿರಿದೇ?

ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿದ್ದು, ಇಂದು ರತ್ನತ್ರಯ ಬಸದಿಯಿಂದ ಹೆಸರಾಗಿರುವ ಊರು ಸಿದ್ದಾಪುರ ತಾಲೂಕಿನ ಬಿಳಗಿ. ಅಲ್ಲಿಯ ಒಂದು ಮನೆಯ ಅಡುಗೆಮನೆಯಲ್ಲಿ ಹೀಗೊಂದು ಪ್ರಸಂಗ ನಡೆಯಿತೆಂದು ಇಟ್ಟುಕೊಳ್ಳೋಣ.

ಶಿರಸಿಯಲ್ಲಿ ಕಾಲೇಜು ಓದುವ ಮಗಳು ರಜೆಗೆ ಬಂದಿದ್ದಾಳೆ. ತಾಯಿ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಾರೆ. ಗುಟುಕು ಇಳಿಯುವಾಗಲೆಲ್ಲ ಕುತ್ತಿಗೆಯ ಬುಡದಲ್ಲಿ ನಿಂಬೆಹಣ್ಣಿನಂಥ ಗಂಟೊಂದು ಮೇಲೆದ್ದು ಕೆಳಗಿಳಿಯುತ್ತದೆ.

“ಆಯಿ, ಇದು ಎಷ್ಟು ದಿನದಿಂದ ಇದೆ?”

“ಯಾರಿಗೆ ಗೊತ್ತು? ನೋವಿಲ್ಲ, ಎಂತದೂ ಇಲ್ಲ. ಅದರಷ್ಟಕ್ಕೆ ಅದು ಇದೆ.”

ಮರುವಾರ ಸಿದ್ದಾಪುರದ ವೈದ್ಯರು ಮುಟ್ಟಿ ನೋಡಿ ‘ಥೈರಾಯಿಡ್ ಗಂಟು’ ಎನ್ನುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವ ಪರೀಕ್ಷೆ ಎಲ್ಲ ಮುಗಿದು ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಅಷ್ಟರಲ್ಲಿ ಬೆಂಗಳೂರಿನ ನೆಂಟರ ಫೋನು: “ಈಗ ಕುತ್ತಿಗೆ ಕೊಯ್ಯುವುದೇ ಬೇಡ. ಸಣ್ಣ ತೂತು ಮಾಡಿ ತೆಗೆಯುತ್ತಾರೆ. ಗಾಯವೂ ಇಲ್ಲ, ಅಪಾಯವೂ ಇಲ್ಲ.”

ಆ ತಾಯಿ ಊರಿನ ಮದುವೆ ಮುಂಜಿಗಳಲ್ಲಿ ಸಂಪ್ರದಾಯದ ಹಾಡು ಹೇಳುವವರು. ಕುತ್ತಿಗೆಯ ಮೇಲಿನ ಗೆರೆಗಿಂತ ಗಂಟಲೊಳಗಿನ ದನಿಯ ಚಿಂತೆ ಅವರಿಗೆ ಹೆಚ್ಚು. ನೆಂಟರು ಹೇಳಿದ ‘ಗಾಯವಿಲ್ಲ’ ಎಂಬ ಮಾತು ಬಹುಮಟ್ಟಿಗೆ ನಿಜ. ‘ಅಪಾಯವಿಲ್ಲ’ ಎಂಬ ಮಾತು? ಅದನ್ನು ಒಪ್ಪುವ ಮೊದಲು ಕುತ್ತಿಗೆಯ ಒಳಗೆ ಏನೇನಿದೆ ಎಂಬುದನ್ನು ನೋಡಬೇಕು.

ಚಿಟ್ಟೆಯ ನೆರೆಹೊರೆ

ಥೈರಾಯಿಡ್ ಒಂದು ನಿರ್ನಾಳ ಗ್ರಂಥಿ. ಕನ್ನಡದಲ್ಲಿ ಇದಕ್ಕೆ ಗುರಾಣಿ ಗ್ರಂಥಿ ಎಂಬ ಹೆಸರೂ ಇದೆ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಶ್ವಾಸನಾಳದ ಮುಂದೆ ಅದನ್ನು ತಬ್ಬಿಕೊಂಡು ಕುಳಿತಿರುತ್ತದೆ. ಆರೋಗ್ಯವಂತರಲ್ಲಿ ಇದರ ತೂಕ ಸುಮಾರು 20 ಗ್ರಾಂ. ಇದು ಸ್ರವಿಸುವ ಥೈರಾಕ್ಸಿನ್ ದೇಹದ ಪ್ರತಿಯೊಂದು ಜೀವಕೋಶದ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಗ್ರಂಥಿ ಧ್ವನಿಪೆಟ್ಟಿಗೆಗೂ ಶ್ವಾಸನಾಳಕ್ಕೂ ಅಂಟಿಕೊಂಡಿರುವುದರಿಂದ ನಾವು ನುಂಗಿದಾಗ ಅವುಗಳ ಜೊತೆಗೇ ಮೇಲೇರುತ್ತದೆ. ಕನ್ನಡಿಯ ಮುಂದೆ ನಿಂತು, ಗದ್ದ ಎತ್ತಿ, ನೀರು ಕುಡಿಯುತ್ತ ಯಾರೂ ತಮ್ಮ ಕುತ್ತಿಗೆಯನ್ನು ಪರೀಕ್ಷಿಸಿಕೊಳ್ಳಬಹುದು.

ಈ ಗ್ರಂಥಿಯ ಬೆನ್ನಿಗೆ ಎರಡು ಬಗೆಯ ನೆರೆಯವರಿದ್ದಾರೆ. ಶಸ್ತ್ರಚಿಕಿತ್ಸಕರ ಭಯವೆಲ್ಲ ಇವರದೇ.

ಮೊದಲನೆಯದು ಧ್ವನಿಪೆಟ್ಟಿಗೆಯ ನರ, ಎಡಕ್ಕೊಂದು ಬಲಕ್ಕೊಂದು. ಇವುಗಳ ದಾರಿ ವಿಚಿತ್ರ. ಮಿದುಳಿನಿಂದ ಹೊರಟ ನರ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎಡಗಡೆಯದು ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನನ್ನು ಸುತ್ತಿ ಮತ್ತೆ ಮೇಲಕ್ಕೆ ಹತ್ತಿ ಬರುತ್ತದೆ. ಬಲಗಡೆಯದು ತೋಳಿಗೆ ಹೋಗುವ ಅಪಧಮನಿಯನ್ನು ಸುತ್ತಿ ಬರುತ್ತದೆ. ಹೀಗೆ ಹಿಂತಿರುಗಿ ಬರುವಾಗ ಎರಡೂ ಥೈರಾಯಿಡ್‌ನ ಹಿಂಬದಿಯನ್ನು ಸವರಿಕೊಂಡೇ ಸಾಗುತ್ತವೆ. ದಪ್ಪ ಸುಮಾರು ಎರಡು ಮಿಲಿಮೀಟರ್. ಮಾತು, ಕೆಮ್ಮು, ಉಸಿರಾಟ ಮೂರಕ್ಕೂ ಈ ನರಗಳು ಬೇಕು.

ಎರಡನೆಯದು ಪ್ಯಾರಾಥೈರಾಯಿಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು. ಒಂದೊಂದೂ ಅಕ್ಕಿಕಾಳಿನಷ್ಟು; ನಾಲ್ಕನ್ನು ಕೂಡಿಸಿ ತೂಗಿದರೂ ಗ್ರಾಮಿನ ಕಾಲುಭಾಗವಾಗುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹದ ತಪ್ಪದಂತೆ ಕಾಯುವ ಕೆಲಸ ಇವುಗಳದು. ಬಣ್ಣದಲ್ಲಿ ಸುತ್ತಲಿನ ಕೊಬ್ಬಿನಂತೆಯೇ ಹಳದಿ ಕಂದು. ಗುರುತು ಸಿಗದೆ ಥೈರಾಯಿಡ್ ಜೊತೆಗೇ ಹೊರಬಂದುಬಿಡಬಹುದು. ಉಳಿದರೂ ಅವಕ್ಕೆ ರಕ್ತ ಒದಗಿಸುವ ಕೂದಲೆಳೆಯಂಥ ನಾಳ ತುಂಡಾಗಬಹುದು.

ಈ ಪುಟ್ಟ ಗ್ರಂಥಿಗಳ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿದ್ದ ಭಾರತದ ಘೇಂಡಾಮೃಗವೊಂದು 1849ರಲ್ಲಿ ಸತ್ತಿತು. ಅದರ ದೇಹವನ್ನು ಕೊಯ್ದು ಅಧ್ಯಯನ ಮಾಡಿದ ರಿಚರ್ಡ್ ಓವೆನ್ ಥೈರಾಯಿಡ್‌ಗೆ ಅಂಟಿಕೊಂಡಿದ್ದ ಹಳದಿ ಕಾಯವೊಂದನ್ನು ದಾಖಲಿಸಿದರು. ಮನುಷ್ಯರಲ್ಲಿ ಅದನ್ನು ವಿವರವಾಗಿ ಗುರುತಿಸಿದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರಾಮ್, 1880ರಲ್ಲಿ. ಆಗ ಅವರಿನ್ನೂ ವೈದ್ಯಕೀಯ ವಿದ್ಯಾರ್ಥಿ! ಆ ಗ್ರಂಥಿಗಳಿಂದ ಏನು ಉಪಯೋಗ ಎಂಬುದು ಮಾತ್ರ ಅಂದು ಯಾರಿಗೂ ತಿಳಿದಿರಲಿಲ್ಲ.

ಇಬ್ಬರು ಕುಶಲಿಗರು, ಎರಡು ಬಗೆಯ ತೊಡಕು

ಥೈರಾಯಿಡ್ ಶಸ್ತ್ರಕ್ರಿಯೆಯೆಂದರೆ ಒಂದು ಕಾಲದಲ್ಲಿ ಸಾವಿಗೆ ಕೊಟ್ಟ ಆಹ್ವಾನ. ಗ್ರಂಥಿಗೆ ರಕ್ತದ ಹರಿವು ವಿಪರೀತ, ಅರಿವಳಿಕೆ ಆಗತಾನೆ ಬಂದಿತ್ತು, ಕ್ರಿಮಿನಾಶನದ ಕಲ್ಪನೆಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೂರರಲ್ಲಿ ಸುಮಾರು ನಲವತ್ತು ಮಂದಿ ಸಾಯುತ್ತಿದ್ದರು. 1850ರಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿ ಈ ಶಸ್ತ್ರಕ್ರಿಯೆಯನ್ನು ಖಂಡಿಸಿತು.

ಚಿತ್ರವನ್ನು ಬದಲಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಚರ್. ಬೆಟ್ಟಗಳ ಆ ದೇಶದಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಕೋಚರ್ ರಕ್ತ ಸುರಿಯದಂತೆ, ಒಂದೊಂದೇ ನಾಳವನ್ನು ಕಟ್ಟುತ್ತ, ತಾಳ್ಮೆಯಿಂದ ಕೆಲಸ ಮಾಡುತ್ತಿದ್ದರು. ತಮ್ಮ ಜೀವಮಾನದಲ್ಲಿ ಸುಮಾರು 5,000 ಥೈರಾಯಿಡ್ ಶಸ್ತ್ರಕ್ರಿಯೆ ಮಾಡಿದ ಅವರು ಸಾವಿನ ಪ್ರಮಾಣವನ್ನು ಇನ್ನೂರಕ್ಕೆ ಒಂದರಷ್ಟಕ್ಕೆ ಇಳಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಶಸ್ತ್ರಚಿಕಿತ್ಸಕರು ಅವರೇ.

ಆದರೆ ಅವರ ಕಥೆಯಲ್ಲಿ ಒಂದು ಕಹಿ ಪುಟವಿದೆ. 1874ರಲ್ಲಿ ಅವರು 11 ವರ್ಷದ ಹುಡುಗಿಯೊಬ್ಬಳ ಥೈರಾಯಿಡನ್ನು ಪೂರ್ತಿ ತೆಗೆದಿದ್ದರು. ಗಾಯ ಚೆನ್ನಾಗಿ ಮಾಯಿತು, ಹುಡುಗಿ ಮನೆಗೆ ಹೋದಳು. ಆಮೇಲೆ ಅವಳ ಬೆಳವಣಿಗೆ ನಿಂತು ಬುದ್ಧಿ ಮಂದವಾಯಿತೆಂಬ ಸುದ್ದಿ ಬೇರೊಬ್ಬ ವೈದ್ಯರಿಂದ ಕೋಚರರ ಕಿವಿಗೆ ಬಿತ್ತು. ಅವರು ಬೆಚ್ಚಿಬಿದ್ದು ತಮ್ಮ ಹಳೆಯ ರೋಗಿಗಳನ್ನೆಲ್ಲ ಮತ್ತೆ ಕರೆಸಿ ಪರೀಕ್ಷಿಸಿದರು. ಪೂರ್ತಿ ಗ್ರಂಥಿ ಕಳೆದುಕೊಂಡವರಲ್ಲಿ ಬಹುಮಂದಿಗೆ ಅದೇ ಗತಿಯಾಗಿತ್ತು. 1883ರಲ್ಲಿ ಅವರು ಇದನ್ನು ವೈದ್ಯರ ಸಭೆಯೆದುರು ತಾವಾಗಿಯೇ ಬಹಿರಂಗಪಡಿಸಿ, ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಗ್ರಂಥಿಯನ್ನು ಪೂರ್ತಿ ತೆಗೆಯುವುದನ್ನು ಕೈಬಿಟ್ಟರು. ರೋಗಿ ನಡೆದುಕೊಂಡು ಮನೆಗೆ ಹೋದ ಮಾತ್ರಕ್ಕೆ ಶಸ್ತ್ರಕ್ರಿಯೆಯ ಲೆಕ್ಕ ಮುಗಿಯುವುದಿಲ್ಲ ಎಂಬುದು ಅವರ ದಾಖಲೆಯಿಂದ ಜಗತ್ತಿಗೆ ತಿಳಿಯಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರೆ ಕುರಿಯ ಥೈರಾಯಿಡ್ ಸಾರವನ್ನು ಚುಚ್ಚಿ ಇಂಥ ರೋಗಿಯೊಬ್ಬರನ್ನು ಬದುಕಿಸಿದ ಮೇಲೆ ಪರಿಹಾರದ ದಾರಿ ತೆರೆಯಿತು. ಇಂದು ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಆ ಕೊರತೆಯನ್ನು ತುಂಬುತ್ತದೆ.

ಅದೇ ಕಾಲದಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋಥ್ ಕೂಡ ದೊಡ್ಡ ಹೆಸರು. ಆದರೆ ಅವರ ರೋಗಿಗಳಲ್ಲಿ ಕಾಣಿಸಿದ ತೊಡಕೇ ಬೇರೆ. ಬುದ್ಧಿ ಮಂದವಾಗುವ ಬದಲು ಕೈಬೆರಳು ಸೆಟೆದು ಸ್ನಾಯುಗಳು ಹಿಡಿದುಕೊಳ್ಳುತ್ತಿದ್ದವು. ಅಮೆರಿಕದ ಹಾಲ್‌ಸ್ಟೆಡ್ ಇಬ್ಬರ ಕೈಚಳಕವನ್ನೂ ಕಣ್ಣಾರೆ ಕಂಡಿದ್ದವರು. ಮುಂದೆ ಅವರು ಈ ಒಗಟನ್ನು ಹೀಗೆ ಬಿಡಿಸಿದರು: ಕೋಚರ್ ಅಚ್ಚುಕಟ್ಟು, ಥೈರಾಯಿಡನ್ನು ಚೂರೂ ಬಿಡದೆ ತೆಗೆಯುತ್ತಿದ್ದರು, ಹಿಂದಿನ ಪುಟ್ಟ ಗ್ರಂಥಿಗಳು ಉಳಿಯುತ್ತಿದ್ದವು. ಬಿಲ್‌ರೋಥ್ ಬಿರುಸು, ಥೈರಾಯಿಡ್‌ನ ತುಣುಕು ಉಳಿಯುತ್ತಿತ್ತು, ಪ್ಯಾರಾಥೈರಾಯಿಡ್ ಹೋಗುತ್ತಿತ್ತು. ಇಬ್ಬರೂ ಕುತ್ತಿಗೆಯನ್ನು ತೆರೆದೇ ಕೆಲಸ ಮಾಡಿದವರು. ತೊಡಕು ಬೇರೆಯಾದದ್ದು ಗಾಯದ ಉದ್ದದಿಂದಲ್ಲ, ಕೈಯ ರೀತಿಯಿಂದ. ಇಂದಿನ ಚರ್ಚೆಯಲ್ಲಿ ನೆನಪಿಡಬೇಕಾದ ಮಾತು ಇದು.

ತೆರೆದ ಶಸ್ತ್ರಕ್ರಿಯೆಯ ಲೆಕ್ಕ

ಇಂದಿನ ತೆರೆದ ಶಸ್ತ್ರಕ್ರಿಯೆಯಲ್ಲಿ ಕುತ್ತಿಗೆಯ ಸಹಜ ಮಡಿಕೆಯ ಗುಂಟ ನಾಲ್ಕರಿಂದ ಆರು ಸೆಂಟಿಮೀಟರ್ ಅಡ್ಡಗಾಯ ಮಾಡುತ್ತಾರೆ. ದೊಡ್ಡ ಗಳಗಂಡವಿದ್ದರೆ ಇನ್ನೂ ಉದ್ದ. ಚೆನ್ನಾಗಿ ಮಾಯಿದರೆ ವರ್ಷದೊಳಗೆ ಅದು ಮಡಿಕೆಯಲ್ಲಿ ಬೆರೆತುಹೋಗುತ್ತದೆ. ಕೆಲವರ ಚರ್ಮದ ಗುಣದಿಂದ ಗಾಯದ ಗುರುತು ದಪ್ಪವಾಗಿ ಎದ್ದು ನಿಲ್ಲುವುದೂ ಉಂಟು. ಒಳಗಿನ ತೊಡಕುಗಳು ಮುಖ್ಯವಾಗಿ ಮೂರು.

ಮೊದಲನೆಯದು ರಕ್ತಸ್ರಾವ. ಶಸ್ತ್ರಕ್ರಿಯೆ ಮುಗಿದ ಮೇಲೆ ಒಳಗೆ ರಕ್ತ ಜಿನುಗಿ ಶೇಖರವಾಗುವುದು ನೂರರಲ್ಲಿ ಒಬ್ಬಿಬ್ಬರಲ್ಲಿ. ಹೋಗುವ ರಕ್ತ ಹೆಚ್ಚಲ್ಲ. ಆದರೆ ಕುತ್ತಿಗೆಯ ಇಕ್ಕಟ್ಟಿನಲ್ಲಿ ಅದು ಒತ್ತಡ ಹೆಚ್ಚಿಸಿ ಉಸಿರುಗಟ್ಟಿಸುತ್ತದೆ. ಹೆಚ್ಚಿನವು ಮೊದಲ 24 ಗಂಟೆಯೊಳಗೆ, ಅದರಲ್ಲೂ ಮೊದಲ ಆರು ಗಂಟೆಯಲ್ಲಿ ಕಾಣಿಸುತ್ತವೆ. ಆಗ ಹೊಲಿಗೆಯನ್ನು ಹಾಸಿಗೆಯ ಬಳಿಯಲ್ಲೇ ಬಿಚ್ಚಿ ರಕ್ತ ಹೊರಬಿಡಬೇಕಾಗಬಹುದು. ಆ ರಾತ್ರಿ ವಾರ್ಡಿನಲ್ಲಿ ತಿಳಿದವರು ಎಚ್ಚರವಾಗಿರುವುದು ಇದಕ್ಕಾಗಿ.

ಎರಡನೆಯದು ದನಿ. ಅನುಭವಿಗಳ ಕೈಯಲ್ಲಿ ನರಕ್ಕೆ ಶಾಶ್ವತ ಪೆಟ್ಟಾಗುವುದು ನೂರರಲ್ಲಿ ಒಂದೆರಡು. ಎಳೆತದಿಂದ ನರ ತಾತ್ಕಾಲಿಕವಾಗಿ ಮಂಕಾಗಿ ದನಿ ಕೆಲವು ವಾರ, ಕೆಲವು ತಿಂಗಳು ಒಡೆಯುವುದು ಇದಕ್ಕಿಂತ ಹೆಚ್ಚು, ನೂರರಲ್ಲಿ ಐದರಿಂದ ಹತ್ತು. ಎರಡೂ ಬದಿಯ ನರಕ್ಕೆ ಪೆಟ್ಟಾದರೆ ಉಸಿರಾಟಕ್ಕೇ ತೊಂದರೆ. ಅದೃಷ್ಟವಶಾತ್ ಅದು ಅಪರೂಪ.

ದನಿಗೆ ಸಂಬಂಧಿಸಿದ ಇನ್ನೊಂದು ತೆಳುವಾದ ನರ ಗ್ರಂಥಿಯ ಮೇಲ್ತುದಿಯ ಬಳಿ ಇದೆ. ಧ್ವನಿತಂತುವನ್ನು ಬಿಗಿ ಮಾಡಿ ತಾರಸ್ಥಾಯಿಗೆ ಏರಿಸುವ ಸ್ನಾಯು ಇದರ ಅಧೀನ. ಇದು ಹೋದರೆ ಸಾಮಾನ್ಯ ಮಾತಿನಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹಾಡುಗಾರರಿಗೆ, ಮೇಲಿನ ಶ್ರುತಿಯಲ್ಲಿ ಪದ್ಯ ಹೇಳುವ ಯಕ್ಷಗಾನದ ಭಾಗವತರಿಗೆ, ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಶಿಕ್ಷಕರಿಗೆ ತಕ್ಷಣ ತಿಳಿಯುತ್ತದೆ. ಇಟಲಿಯ ಪ್ರಸಿದ್ಧ ಗಾಯಕಿ ಅಮೆಲಿಟಾ ಗಾಲಿ ಕುರ್ಚಿ 1935ರಲ್ಲಿ ಶಿಕಾಗೊದಲ್ಲಿ 170 ಗ್ರಾಂ ತೂಕದ ಗಳಗಂಡ ತೆಗೆಸಿಕೊಂಡ ಮೇಲೆ ಅವರ ಗಾನವೇ ಮುಗಿಯಿತೆಂದು ಕಥೆ ಹಬ್ಬಿತು. ಅವರ ದನಿ ಅದಕ್ಕೂ ಮೊದಲೇ ಕುಂದತೊಡಗಿತ್ತೆಂದು ಮುಂದಿನ ಸಂಶೋಧಕರು ವಾದಿಸಿದ್ದಾರೆ. ಏನೇ ಇರಲಿ, ಆ ನರಕ್ಕೆ ಅವರ ಹೆಸರು ಅಂಟಿಕೊಂಡಿತು.

ಮೂರನೆಯದು ಸುಣ್ಣದ ಅಂಶದ ಇಳಿತ. ಗ್ರಂಥಿಯ ಒಂದೇ ಪಾರ್ಶ್ವ ತೆಗೆದರೆ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಪೂರ್ತಿ ತೆಗೆದರೆ ನಾಲ್ವರಲ್ಲಿ ಒಬ್ಬರಿಗೆ ತಾತ್ಕಾಲಿಕವಾಗಿ ಕ್ಯಾಲ್ಸಿಯಂ ಇಳಿಯುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಮೊದಲ ಸೂಚನೆ. ಆಮೇಲೆ ಬೆರಳು ಸೆಟೆಯುತ್ತವೆ. ಬಿಲ್‌ರೋಥರ ರೋಗಿಗಳಿಗೆ ಆಗಿದ್ದೂ ಇದೇ. ಬಹುತೇಕರಿಗೆ ಮಾತ್ರೆಗಳಿಂದ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ನೂರರಲ್ಲಿ ಒಂದರಿಂದ ಮೂವರಿಗೆ ಮಾತ್ರೆ ಜೀವನಪರ್ಯಂತ ಬೇಕಾಗುತ್ತದೆ.

ಕಿರುಗಾಯದ ದಾರಿಗಳು

ಹೊಟ್ಟೆಯ ಶಸ್ತ್ರಕ್ರಿಯೆಗಳಲ್ಲಿ ದೂರದರ್ಶಕ ಕೊಳವೆ ಗೆದ್ದ ಮೇಲೆ ಕುತ್ತಿಗೆಗೂ ಅದು ಬಂತು. 1996ರಲ್ಲಿ ಮಿಷೆಲ್ ಗ್ಯಾನ್ಯೆ ಪ್ಯಾರಾಥೈರಾಯಿಡ್ ಮೇಲೆ ಇದನ್ನು ಪ್ರಯೋಗಿಸಿದರು. ಮರುವರ್ಷ ಥೈರಾಯಿಡ್‌ನ ಸರದಿ. ಇಟಲಿಯ ಪಿಸಾ ನಗರದ ಪಾವೊಲೊ ಮಿಕ್ಕೊಲಿ 1990ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನ ಹೆಚ್ಚು ಹೆಸರಾಯಿತು. ಅದೇ ಜಾಗದಲ್ಲಿ ಒಂದೂವರೆಯಿಂದ ಎರಡು ಸೆಂಟಿಮೀಟರಿನ ಗಾಯ, ಅದರೊಳಗೆ ಐದು ಮಿಲಿಮೀಟರ್ ದಪ್ಪದ ಕೊಳವೆ. ಕೊಳವೆಯ ತುದಿಯ ಮಸೂರ ನರವನ್ನೂ ಪುಟ್ಟ ಗ್ರಂಥಿಗಳನ್ನೂ ಪರದೆಯ ಮೇಲೆ ಹಿಗ್ಗಿಸಿ ತೋರಿಸುತ್ತದೆ.

ಕುತ್ತಿಗೆಯಲ್ಲಿ ಗೆರೆಯೇ ಬೇಡವೆಂಬವರಿಗಾಗಿ ಬೇರೆ ದಾರಿಗಳು ಹುಟ್ಟಿದವು. ಜಪಾನಿನಲ್ಲಿ ಕಂಕುಳಿನಿಂದ ಮತ್ತು ಎದೆಯ ಭಾಗದಿಂದ ಒಳನುಗ್ಗುವ ಕ್ರಮ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2007ರಿಂದ ಅದಕ್ಕೆ ರೋಬೋಟಿನ ನೆರವು. ಬ್ಯಾಂಕಾಕಿನಲ್ಲಿ ಆಂಗ್‌ಕೂನ್ ಅನುವೋಂಗ್ 2014ರಿಂದ ಬಳಕೆಗೆ ತಂದು 2016ರಲ್ಲಿ 60 ರೋಗಿಗಳ ವರದಿ ಪ್ರಕಟಿಸಿದ, ಕೆಳತುಟಿಯ ಒಳಭಾಗದಲ್ಲಿ ಮೂರು ಸಣ್ಣ ಗಾಯ ಮಾಡಿ ಬಾಯಿಯ ಮೂಲಕ ಇಳಿಯುವ ಕ್ರಮ. ಕೊನೆಯದರಲ್ಲಿ ಚರ್ಮದ ಮೇಲೆ ಗುರುತೇ ಇರುವುದಿಲ್ಲ. ಭಾರತದ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಈಗ ಇವು ಲಭ್ಯ.

ಇಲ್ಲೊಂದು ಮಾತಿನ ಗೊಂದಲವಿದೆ. ಮಿಕ್ಕೊಲಿಯವರ ವಿಧಾನದಲ್ಲಿ ಒಳಗಿನ ದಾರಿಯೂ ಚಿಕ್ಕದು. ಕಂಕುಳಿನಿಂದ ಹೋದಾಗ ಹಾಗಲ್ಲ. ಚರ್ಮದ ಅಡಿಯಲ್ಲಿ ಎದೆಯ ಮೇಲ್ಭಾಗವನ್ನು ದಾಟಿ ಕುತ್ತಿಗೆಯವರೆಗೆ ಸುರಂಗ ತೋಡಬೇಕು. ಎದುರಿನ ಹೆಬ್ಬಾಗಿಲು ಬಿಟ್ಟು ಹಿತ್ತಿಲಿನಿಂದ ಸುತ್ತಿ ಬಂದ ಹಾಗೆ. ಹೊರಗಿನ ಗಾಯ ಅಡಗಿರುತ್ತದೆಯೇ ಹೊರತು ಒಳಗಿನ ಕೆಲಸ ಕಡಿಮೆಯಾಗಿರುವುದಿಲ್ಲ.

ಎರಡನ್ನೂ ತೂಗಿದಾಗ

ಹಾಗಾದರೆ ತೊಡಕುಗಳ ಹೋಲಿಕೆ ಏನು ಹೇಳುತ್ತದೆ? ಮಿಕ್ಕೊಲಿ ವಿಧಾನವನ್ನೂ ತೆರೆದ ವಿಧಾನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಹಲವು ಅಧ್ಯಯನಗಳ ಸಾರ ಒಂದೇ. ನರದ ಪೆಟ್ಟಿನಲ್ಲಿ, ಕ್ಯಾಲ್ಸಿಯಂ ಇಳಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಮೊದಲ ದಿನದ ನೋವು ಕಿರುಗಾಯದವರಿಗೆ ಕಡಿಮೆ. ಗಾಯದ ಗುರುತಿನ ಬಗ್ಗೆ ಅವರಿಗೆ ಸಮಾಧಾನ ಹೆಚ್ಚು. ಕಾಲ ಕಳೆದಂತೆ ಆ ಅಂತರ ಕುಗ್ಗುತ್ತದೆ. ಶಸ್ತ್ರಕ್ರಿಯೆಗೆ ಹಿಡಿಯುವ ಸಮಯ ಮಾತ್ರ ಕಿರುಗಾಯದ್ದೇ ಹೆಚ್ಚು.

ದೂರದ ದಾರಿಗಳಲ್ಲಿ ತೆರೆದ ವಿಧಾನದಲ್ಲಿಲ್ಲದ ಹೊಸ ತೊಡಕುಗಳೂ ಸೇರಿಕೊಳ್ಳುತ್ತವೆ. ಕಂಕುಳಿನ ದಾರಿಯಲ್ಲಿ ತೋಳನ್ನು ಎತ್ತಿ ಕಟ್ಟಿಟ್ಟಾಗ ತೋಳಿನ ನರಗಳಿಗೆ ಎಳೆತ ಬೀಳಬಹುದು. ಎದೆಯ ಚರ್ಮ ಮರಗಟ್ಟಿದಂತಾಗಬಹುದು. ಬಾಯಿಯ ದಾರಿಯಲ್ಲಿ ಗದ್ದ, ಕೆಳತುಟಿಗಳಿಗೆ ಸ್ಪರ್ಶ ತರುವ ನರಕ್ಕೆ ಪೆಟ್ಟಾಗಿ ಅಲ್ಲಿ ಜೋಮು ಹಿಡಿಯಬಹುದು. ಬಾಯಿಯ ಬ್ಯಾಕ್ಟೀರಿಯಾ ಕುತ್ತಿಗೆಗೆ ಇಳಿಯುವ ಸಾಧ್ಯತೆಯಿರುವುದರಿಂದ ಜೀವಿರೋಧಕ ಔಷಧ ಕೊಡುತ್ತಾರೆ. ಒಳಗೆ ಜಾಗ ಮಾಡಿಕೊಳ್ಳಲು ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲ ರಕ್ತನಾಳ ಸೇರುವುದು ಬಹಳ ವಿರಳ, ಆದರೆ ಅಪಾಯಕಾರಿ. ನುರಿತ ಕೇಂದ್ರಗಳಲ್ಲಿ ಇವು ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಒಂದು ಶಾಲೆ ಪ್ರವೇಶ ಪರೀಕ್ಷೆ ಇಟ್ಟು ಬುದ್ಧಿವಂತ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಪಕ್ಕದ ಸರ್ಕಾರಿ ಶಾಲೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನಷ್ಟೇ ನೋಡಿ ಮೊದಲನೆಯ ಶಾಲೆಯ ಪಾಠವೇ ಉತ್ತಮ ಎನ್ನಬಹುದೇ? ಕಿರುಗಾಯದ ವಿಧಾನಕ್ಕೆ ಚಿಕ್ಕ ಗಂಟಿನವರನ್ನು, ಹಿಂದೆ ಕುತ್ತಿಗೆಗೆ ಶಸ್ತ್ರಕ್ರಿಯೆ ಆಗದವರನ್ನು ಆರಿಸುತ್ತಾರೆ. ಬೃಹತ್ ಗಳಗಂಡ, ಹರಡಿದ ಕ್ಯಾನ್ಸರ್, ಎದೆಗೂಡಿಗೆ ಇಳಿದ ಗಂಟು ಎಲ್ಲ ತೆರೆದ ವಿಧಾನದ ಪಾಲಿಗೆ. ಸುಲಭದ ಪ್ರಕರಣಗಳು ಒಂದು ಕಡೆ, ಕಷ್ಟದವು ಇನ್ನೊಂದು ಕಡೆ ಇದ್ದಾಗ ಬರಿಯ ಅಂಕಿಗಳ ಹೋಲಿಕೆ ದಾರಿ ತಪ್ಪಿಸುತ್ತದೆ. ಆದ್ದರಿಂದಲೇ ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನಗಳಿಗೆ ಬೆಲೆ ಹೆಚ್ಚು.

ಇನ್ನೊಂದು ತೊಂದರೆ, ಗಂಭೀರ ತೊಡಕುಗಳು ಅಪರೂಪವಾಗಿರುವುದು. ಒಂದು ವಿಧಾನದಲ್ಲಿ ನೂರಕ್ಕೆ ಒಂದು, ಇನ್ನೊಂದರಲ್ಲಿ ನೂರಕ್ಕೆ ಎರಡು ತೊಡಕು ಇದ್ದರೆ ಆ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಲು ಸಂಖ್ಯಾಶಾಸ್ತ್ರದ ಲೆಕ್ಕದಂತೆ ಪ್ರತಿ ಗುಂಪಿನಲ್ಲೂ ಸುಮಾರು 2,300 ರೋಗಿಗಳು ಬೇಕು. ಹೆಚ್ಚಿನ ಅಧ್ಯಯನಗಳು ಅಷ್ಟು ದೊಡ್ಡವಲ್ಲ. ‘ವ್ಯತ್ಯಾಸ ಕಂಡಿಲ್ಲ’ ಎಂಬ ಮಾತನ್ನು ‘ವ್ಯತ್ಯಾಸ ಇಲ್ಲ’ ಎಂದು ಓದಬಾರದು.

‘ಐವತ್ತು ಜನರಿಗೆ ಮಾಡಿದ್ದೇವೆ, ಒಬ್ಬರಿಗೂ ತೊಂದರೆಯಾಗಿಲ್ಲ’ ಎಂದು ಯಾರಾದರೂ ಹೇಳಿದರೆ? ಇದಕ್ಕೂ ಒಂದು ಸರಳ ಸೂತ್ರವಿದೆ. ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಮೂರು ಭಾಗಿಸು ಐವತ್ತು, ಅಂದರೆ ನೂರಕ್ಕೆ ಆರು. ಐವತ್ತರಲ್ಲಿ ಸೊನ್ನೆ ಕಂಡರೂ ನಿಜವಾದ ಪ್ರಮಾಣ ನೂರಕ್ಕೆ ಆರರವರೆಗೂ ಇದ್ದೀತು ಎಂದು ಅರ್ಥ. ಇದು ವೈದ್ಯರನ್ನು ಅನುಮಾನಿಸುವ ಲೆಕ್ಕವಲ್ಲ. ಸಣ್ಣ ಸಂಖ್ಯೆಯ ಮಿತಿಯನ್ನು ತಿಳಿಸುವ ಲೆಕ್ಕ.

ಕೊನೆಗೌಡನ ದೋಟಿ

ಶಿರಸಿ, ಸಿದ್ದಾಪುರದ ತೋಟಿಗರಿಗೆ ಈ ವಿಷಯ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುತ್ತ ಕೆಲಸ ಮಾಡುತ್ತಿದ್ದ. ಈಚಿನ ವರ್ಷಗಳಲ್ಲಿ ಹಗುರವಾದ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯಬಹುದು. ಕೊಯ್ಯಬೇಕಾದದ್ದು ಅದೇ ಕೊನೆ. ಆದರೆ ಮರ ಹತ್ತುವುದರಲ್ಲಿ ನಿಸ್ಸೀಮನಾದವನೂ ದೋಟಿ ಹಿಡಿದ ಮೊದಲ ದಿನಗಳಲ್ಲಿ ಕೊನೆಯನ್ನು ಹಾಳು ಮಾಡಿಯಾನು. ಕೈ ಪಳಗಲು ಸಮಯ ಬೇಕು.

ಶಸ್ತ್ರಚಿಕಿತ್ಸೆಯಲ್ಲೂ ಹಾಗೆಯೇ. ಹೊಸ ವಿಧಾನದಲ್ಲಿ ಕೈ ಕುದುರಲು ಹತ್ತಾರು ಶಸ್ತ್ರಕ್ರಿಯೆಗಳು ಬೇಕಾಗುತ್ತವೆ. ತೊಡಕಿನ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಗಾಯದ ಉದ್ದಕ್ಕಿಂತ ಅನುಭವದ ಪಾತ್ರ ದೊಡ್ಡದೆಂಬುದಕ್ಕೆ ಆಧಾರಗಳಿವೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ದಾಖಲೆಗಳನ್ನು ಜಾಲಾಡಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಥೈರಾಯಿಡ್ ಶಸ್ತ್ರಕ್ರಿಯೆಯನ್ನು ಅತಿ ಹೆಚ್ಚು ಮಾಡುವ ವೈದ್ಯರಲ್ಲಿ ತೊಡಕು ಅತಿ ಕಡಿಮೆಯಿತ್ತು. 2017ರಲ್ಲಿ ಅದೇ ದೇಶದಿಂದ ಬಂದ ಇನ್ನೊಂದು ಅಧ್ಯಯನ, ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡುವವರ ಬಳಿ ಫಲಿತಾಂಶ ಉತ್ತಮ ಎಂದಿತು. ನರವನ್ನು ಪತ್ತೆ ಹಚ್ಚಲು ವಿದ್ಯುತ್ ಸಂಕೇತ ಕೊಡುವ ಯಂತ್ರಗಳೂ ಬಂದಿವೆ. ಅವು ನೆರವಿಗೆ ಬರುತ್ತವೆ. ಪಳಗಿದ ಕೈಗೆ ಬದಲಿಯಲ್ಲ.

ಘಟ್ಟದ ಮೇಲಿನವರ ಲೆಕ್ಕ

ಮಲೆನಾಡಿನವರಿಗೆ ಇನ್ನೆರಡು ವಿಷಯಗಳು ಮುಖ್ಯ. ಒಂದು, ಗಂಟಿನ ಗಾತ್ರ. ನೋವಿಲ್ಲವೆಂದು ವರ್ಷಗಟ್ಟಲೆ ಬಿಟ್ಟ ಗಳಗಂಡ ದೊಡ್ಡದಾಗಿರುತ್ತದೆ. ಮಿಕ್ಕೊಲಿ ವಿಧಾನಕ್ಕೆ ಗಂಟು ಸುಮಾರು ಮೂರು, ಹೆಚ್ಚೆಂದರೆ ಮೂರೂವರೆ ಸೆಂಟಿಮೀಟರ್ ಒಳಗಿರಬೇಕು. ಅದಕ್ಕಿಂತ ದೊಡ್ಡದನ್ನು ಎರಡು ಸೆಂಟಿಮೀಟರಿನ ಬಾಯಿಯಿಂದ ಎಳೆಯಹೋದರೆ ಗಾಯ ಹಿಗ್ಗುತ್ತದೆ, ಒಳಗೆ ನರಕ್ಕೂ ಎಳೆತ.

ಗಳಗಂಡಕ್ಕೆ ಒಂದು ಮುಖ್ಯ ಕಾರಣ ಅಯೋಡಿನ್ ಕೊರತೆ. ಭಾರಿ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಬಿಡುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಸಮುದ್ರದ್ದಲ್ಲವೇ, ಅದರಲ್ಲಿ ಅಯೋಡಿನ್ ಇರುವುದಿಲ್ಲವೇ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 35 ಗ್ರಾಂ, ಅಯೋಡಿನ್ ಸುಮಾರು 60 ಮೈಕ್ರೊಗ್ರಾಂ. ಅಷ್ಟೂ ಉಪ್ಪಿನಲ್ಲೇ ಉಳಿದರೂ ಒಂದು ಗ್ರಾಮಿಗೆ ಎರಡು ಮೈಕ್ರೊಗ್ರಾಂ ಆಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150. ಅಯೋಡಿನ್ ಬೆರೆಸಿದ ಉಪ್ಪಿನಲ್ಲಿ ಅಂಗಡಿಗೆ ಬಂದಾಗಲೂ ಗ್ರಾಮಿಗೆ ಕನಿಷ್ಠ 15 ಮೈಕ್ರೊಗ್ರಾಂ ಇರಬೇಕೆಂಬುದು ಭಾರತದ ನಿಯಮ. ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲೇ ಆರಂಭವಾದದ್ದು ಈ ತಿಳಿವಳಿಕೆಯ ಮೇಲೆ. ಕ್ಯಾನ್ಸರ್ ಮೊದಲಾದ ಎಲ್ಲ ಗಂಟುಗಳನ್ನೂ ಉಪ್ಪು ತಡೆಯಲಾರದು; ದೊಡ್ಡ ಗಳಗಂಡಗಳನ್ನು ತಡೆಯಬಲ್ಲದು.

ಎರಡನೆಯದು ದೂರ. ಬಿಳಗಿಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳು ನೂರು ಕಿಲೋಮೀಟರಿಗೂ ಆಚೆ. ಮಣಿಪಾಲಕ್ಕೆ ಘಟ್ಟ ಇಳಿಯಬೇಕು. ಕ್ಯಾಲ್ಸಿಯಂ ಇಳಿತ ಹೆಚ್ಚಾಗಿ ಕಾಣಿಸುವುದು ಶಸ್ತ್ರಕ್ರಿಯೆಯ ಮರುದಿನದಿಂದ ಮೂರನೆಯ ದಿನದವರೆಗೆ. ‘ಸಣ್ಣ ಗಾಯ, ನಾಳೆಯೇ ಮನೆ’ ಎಂಬುದು ನಗರದವರಿಗೆ ಅನುಕೂಲ. ಮಳೆಗಾಲದ ನಡುರಾತ್ರಿಯಲ್ಲಿ ಬೆರಳು ಸೆಟೆದರೆ ಬಿಳಗಿಯಿಂದ ಎಲ್ಲಿಗೆ ಓಡುವುದು? ಗ್ರಂಥಿಯನ್ನು ಪೂರ್ತಿ ತೆಗೆದಿದ್ದರೆ ಇನ್ನೊಂದೆರಡು ದಿನ ಆಸ್ಪತ್ರೆಯ ಹತ್ತಿರವೇ ಉಳಿದು, ರಕ್ತದ ಕ್ಯಾಲ್ಸಿಯಂ ನೋಡಿಸಿಕೊಂಡು ಹೊರಡುವುದು ಜಾಣತನ.

ಕೇಳಬೇಕಾದ ಪ್ರಶ್ನೆಗಳು

ಎಲ್ಲ ಗಂಟಿಗೂ ಶಸ್ತ್ರಕ್ರಿಯೆ ಬೇಕಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಥೈರಾಯಿಡ್ ಗಂಟುಗಳು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಸಂಶಯ, ಉಸಿರಿಗೆ ಅಥವಾ ನುಂಗುವುದಕ್ಕೆ ತಡೆ, ಔಷಧಕ್ಕೆ ಬಗ್ಗದ ಅತಿಸ್ರಾವ ಇಂಥ ಕಾರಣಗಳಿದ್ದಾಗ ಅದರ ಮಾತು ಬರುತ್ತದೆ. ಆದ್ದರಿಂದ ಮೊದಲ ಪ್ರಶ್ನೆ: ಶಸ್ತ್ರಕ್ರಿಯೆ ಯಾಕೆ ಬೇಕು? ಕಾದು ನೋಡಬಹುದೇ?

ಎರಡನೆಯದು: ಒಂದು ಪಾರ್ಶ್ವ ಸಾಕೇ, ಪೂರ್ತಿ ತೆಗೆಯಬೇಕೇ? ತೊಡಕಿನ ಲೆಕ್ಕ ಇದರಿಂದಲೇ ಬಹಳ ಬದಲಾಗುತ್ತದೆ.

ಮೂರನೆಯದು: ತಾವು ವರ್ಷಕ್ಕೆ ಎಷ್ಟು ಥೈರಾಯಿಡ್ ಶಸ್ತ್ರಕ್ರಿಯೆ ಮಾಡುತ್ತೀರಿ? ಅದರಲ್ಲಿ ಈ ವಿಧಾನದಲ್ಲಿ ಎಷ್ಟು?

ನಾಲ್ಕನೆಯದು: ನಡುವೆ ತೊಡಕು ಎದುರಾದರೆ ತೆರೆದ ವಿಧಾನಕ್ಕೆ ಬದಲಾಯಿಸುತ್ತೀರಾ? ಹಾಗೆ ಬದಲಾಯಿಸುವುದು ಸೋಲಲ್ಲ, ವಿವೇಕ. ಅದಕ್ಕೆ ಮನೆಯವರು ಮೊದಲೇ ಸಿದ್ಧರಿರಬೇಕು.

ಐದನೆಯದು: ಶಸ್ತ್ರಕ್ರಿಯೆಗೆ ಮೊದಲು ಮತ್ತು ಅನಂತರ ಧ್ವನಿತಂತುಗಳನ್ನು ಪರೀಕ್ಷಿಸುತ್ತೀರಾ? ಹಾಡುವವರು, ಪಾಠ ಹೇಳುವವರು ತಮ್ಮ ಕಸುಬನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಖರ್ಚಿನ ವಿಚಾರವೂ ಇದೆ. ಹೊಸ ವಿಧಾನಗಳು ಸಾಮಾನ್ಯವಾಗಿ ದುಬಾರಿ. ಸರ್ಕಾರದ ಯೋಜನೆ ಅಥವಾ ವಿಮೆ ಯಾವುದಕ್ಕೆ ಅನ್ವಯಿಸುತ್ತದೆಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಹಾಗೆಂದು ಕುತ್ತಿಗೆಯ ಗುರುತಿನ ಬಗ್ಗೆ ಕೊರಗುವವರನ್ನು ಹಗುರವಾಗಿ ಕಾಣಬಾರದು. ಹರೆಯದ ಹುಡುಗಿಗೋ ಹುಡುಗನಿಗೋ ಅದು ನಿಜವಾದ ನೋವು. ಚಿಕ್ಕ ಗಂಟು, ನುರಿತ ಕೈ ಎರಡೂ ಕೂಡಿ ಬಂದಾಗ ಕಿರುಗಾಯದ ವಿಧಾನ ಒಳ್ಳೆಯ ಆಯ್ಕೆಯೇ ಸರಿ.

ಬಿಳಗಿಯ ಆ ತಾಯಿಯ ಗಂಟು ನಿಂಬೆಹಣ್ಣಿನ ಗಾತ್ರದ್ದು, ಸ್ಕ್ಯಾನಿಂಗ್‌ನಲ್ಲಿ ನಾಲ್ಕು ಸೆಂಟಿಮೀಟರ್. ಮಗಳು ಚೀಟಿಯಲ್ಲಿ ಬರೆದುಕೊಂಡು ಹೋದ ಪ್ರಶ್ನೆಗಳಿಗೆ ಶಸ್ತ್ರಚಿಕಿತ್ಸಕರು ಸಾವಧಾನವಾಗಿ ಉತ್ತರಿಸಿ, “ನಿಮ್ಮ ತಾಯಿಯವರಿಗೆ ತೆರೆದ ವಿಧಾನವೇ ಸರಿ. ಒಂದೇ ಪಾರ್ಶ್ವ ತೆಗೆದರೆ ಸಾಕು” ಎಂದಾರು. ನೆಂಟರ ಫೋನು ಮತ್ತೆ ಬಂದಾಗ ಅವಳಿಗೆ ಕಾರಣ ಹೇಳಲು ಬರುತ್ತದೆ. ಐದು ಸೆಂಟಿಮೀಟರಿನ ಗೆರೆಯೊಂದು ತಾಯಿಯ ಕರಿಮಣಿ ಸರದ ಹತ್ತಿರ ಉಳಿದೀತು. ಮುಂದಿನ ಮದುವೆಯ ಹೊತ್ತಿಗೆ ಮನೆಯವರು ಅತ್ತ ಕಣ್ಣು ಹಾಯಿಸುವುದಕ್ಕಿಂತ ಮೊದಲು ಅವರ ಹಾಡಿಗೆ ಕಿವಿಗೊಡುತ್ತಾರೆ.